ಎದೆ ಮುಟ್ಟಿ ನೋಡಿಕೊಂಡ ಆಷಾಢ

ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ನಮಗೆ ಗೊತ್ತಿರೋ ದಿನಸಿ ಅಂಗಡಿಯವರೊಬ್ಬರಿದ್ದಾರೆ. ಹಬ್ಬಕ್ಕೂ ಸಾವಿಗೂ ಬಿಟ್ಟರೆ ಅಂಗಡಿಗೆ ಬೀಗ ಹಾಕಿದ ಆಸಾಮಿಯಲ್ಲ. ಅಂಥವರು 2025ರ ಜುಲೈ ಮೊದಲ ವಾರ, ಸುರಿಯೋ ಮಳೆಯಲ್ಲಿ ಮೊದಲ ಬಸ್ಸು ಹತ್ತಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತರು. ಎದೆ ನೋವೇ ಅಂದರೆ, ‘ನೋವಿಲ್ಲ ಸಾರ್, ಏನೋ ಒಂಥರಾ. ಟೀವಿ ನೋಡಿದ್ರೆ ಜಾಸ್ತಿ ಆಗೋದು’ ಅಂದರು. ಮತ್ಯಾಕೆ ನೋಡಿದಿರಿ? ‘ನೋಡ್ದೇ ಇದ್ರೆ ಇನ್ನೂ ಭಯ!’

ಆ ದಿನಗಳನ್ನು ಹಾಸನದವರು ಮರೆತಿಲ್ಲ. ಸುಮಾರು ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತಕ್ಕೆ ಬಲಿ ಅಂತ ಸುದ್ದಿ. ಅವರಲ್ಲಿ ಹರೆಯದವರೂ ಇದ್ದರು. ಮನೆಯವರ ದುಃಖ ಸುಳ್ಳಲ್ಲ. ಆದರೆ ಸುದ್ದಿ ಬಂದದ್ದು ಹೇಗೆ? ಕ್ರಿಕೆಟ್ ಸ್ಕೋರಿನ ಹಾಗೆ. ಇವತ್ತೊಂದು, ನಿನ್ನೆ ಎರಡು, ಒಟ್ಟು ಇಷ್ಟು. ಅದೇ ವಿಡಿಯೋ ಬೀಗರ ಗುಂಪಿನಲ್ಲಿ, ಬೀದಿಯವರ ಗುಂಪಿನಲ್ಲಿ, ಚೀಟಿ ಗುಂಪಿನಲ್ಲಿ. ಒಂದೇ ಸಾವನ್ನು ದಿನಕ್ಕೆ ಹತ್ತಾರು ಸಲ ನೋಡಿದರೆ ಮನಸ್ಸಿಗೆ ಅದು ಹತ್ತಾರು ಸಾವೇ. ಸಂಜೆ ಪತ್ರಿಕೆಯ ನಾವೂ ಸಾಚಾಗಳಲ್ಲ ಬಿಡಿ. ಪೋಸ್ಟರಿನಲ್ಲಿ ಅಂಕಿ ದಪ್ಪ ಆದಷ್ಟೂ ಪೇಪರ್ ಬೇಗ ಖಾಲಿ.

ಆಮೇಲೆ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಕೂತು 24 ಸಾವುಗಳನ್ನು ಪರಿಶೀಲಿಸಿತು. ನಾಲ್ಕಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ಅದರಲ್ಲೊಂದು ರಸ್ತೆ ಅಪಘಾತ, ಇನ್ನೊಂದು ಕಿಡ್ನಿ ಕಾಯಿಲೆ! ಉಳಿದವರಲ್ಲಿ ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು, ಕುಡಿತ, ಇಂಥದ್ದೇನಾದರೂ ಇತ್ತು. ಹಿಂದೆಂದೂ ಇಲ್ಲದ ಹಾಗೆ ಸಾವು ಏರಿಲ್ಲ ಅಂತಲೂ ಸಮಿತಿ ಹೇಳಿತು. ಈ ವರದಿ ನಿಮ್ಮ ಗುಂಪುಗಳಿಗೆ ಎಷ್ಟು ಸಲ ಬಂತು, ಸ್ವಲ್ಪ ಜ್ಞಾಪಿಸಿಕೊಳ್ಳಿ.

ಇದೇನೂ ಹೊಸ ಕತೆಯಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ತೀರಿಕೊಂಡಾಗಲೂ ಜಯದೇವದ ಮುಂದೆ ಹೀಗೇ ಜನ ಮುಗಿಬಿದ್ದಿದ್ದರು. ನಾವಷ್ಟೇ ಪುಕ್ಕಲರೂ ಅಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ 2013ರಲ್ಲಿ ಓಟದ ಸ್ಪರ್ಧೆ ನಡೆಯುವಾಗ ಬಾಂಬ್ ಸಿಡಿಯಿತು. ಆಮೇಲೆ ಸಂಶೋಧಕರು ಸಾವಿರಾರು ಜನರನ್ನು ವಿಚಾರಿಸಿದರು. ಬಾಂಬ್ ಸಿಡಿದ ಕಡೆ ಇದ್ದವರಿಗಿಂತ, ಮುಂದಿನ ವಾರವೆಲ್ಲ ದಿನಕ್ಕೆ ಆರು ಗಂಟೆಗೂ ಮೇಲ್ಪಟ್ಟು ಅದೇ ಸುದ್ದಿ ನೋಡಿದವರು ಹೆಚ್ಚು ನಲುಗಿದ್ದರು.

ತಮಾಷೆ ಅಂದರೆ, ಭಯವೂ ಎದೆಯಲ್ಲೇ ಕೂರುತ್ತೆ. ಹೆದರಿದಾಗ ಎದೆ ಡವಡವ ಅನ್ನುತ್ತೆ, ಉಸಿರು ಮೇಲುಮೇಲಕ್ಕೆ ಬರುತ್ತೆ, ಅಂಗೈ ಬೆವರುತ್ತೆ. ‘ಅಯ್ಯೋ, ಟೀವಿಯವರು ಹೇಳಿದ್ದು ಇದೇ ಅಲ್ವಾ’ ಅಂತ ಮತ್ತೆ ಫೋನು ತೆಗೀತೀವಿ. ಅದು ಇನ್ನೂ ನಾಲ್ಕು ವಿಡಿಯೋ ತೋರಿಸುತ್ತೆ. ಅತ್ತ ಮೈಸೂರಿನ ಕ್ಯೂನಲ್ಲಿ ನಿಜವಾದ ಹೃದ್ರೋಗಿಗಳು ನಮ್ಮ ಹಿಂದೆ ಕಾಯುತ್ತಾರೆ.

ಹಾಗಂತ ಎದೆ ನೋವನ್ನು ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡಿ ಮಾರಾಯ್ರೇ. ಎದೆ ಹಿಂಡಿ, ತಣ್ಣನೆ ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಿದರೆ ಒಂದು ನಿಮಿಷವೂ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ. ಇಸಿಜಿ ತೆಗೆಸೋಕೆ ನೂರು ಕಿಲೋಮೀಟರ್ ದಾಟಿ ಮೈಸೂರಿಗೇ ಹೋಗಬೇಕಿಲ್ಲ. ನೋವಿಲ್ಲದೆ ಬರೀ ದಿಗಿಲೇ ನಿದ್ದೆ ಕೆಡಿಸಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ದಿನಸಿಯವರ ಇಸಿಜಿ ಸರಿಯಾಗೇ ಬಂತು. ಅಂಗಡಿಯ ಟೀವಿ ಗೋಡೆ ಮೇಲೆ ಇದ್ದಲ್ಲೇ ಇದೆ. ರಿಮೋಟು ಮಾತ್ರ ಗಲ್ಲಾಪೆಟ್ಟಿಗೆ ಒಳಗೆ, ವ್ಯಾಪಾರ ಮುಗಿಯೋವರೆಗೂ ಹೊರಗೆ ಬರಲ್ಲ. ಸಂಜೆ ನಮ್ಮ ಪೇಪರ್ ಹೋಗುತ್ತೆ. ಮೊದಲು ಏನು ಓದ್ತೀರಿ ಅಂತ ಮೊನ್ನೆ ಆಸೆಯಿಂದ ಕೇಳಿದೆವು.

‘ಶುಂಠಿ ರೇಟು’ ಅಂದರು.