ಕ್ಷಯದ ಮಾತ್ರೆಯೊಳಗಿನ ಉಂಗುರ

ಕ್ಷಯವೆಂದೊಡನೆ ದನಿ ತಗ್ಗಿಸಿ ಮಾತನಾಡುವವರು ನಮ್ಮ ಗ್ರಾಮಗಳಲ್ಲಿ ಇಂದಿಗೂ ಇದ್ದಾರೆ. ರೋಗವನ್ನು ಮುಚ್ಚಿಡುವುದರಿಂದ ಅದು ಗುಣವಾಗುವುದಿಲ್ಲ. ಮನೆಮಂದಿಗೆ ಹರಡುತ್ತದೆ, ಅಷ್ಟೇ. ಈ ರೋಗವನ್ನು ಗೆಲ್ಲುವ ಔಷಧಿಯು ಹೇಗೆ ಸಿದ್ಧವಾಗುತ್ತದೆ, ಅದನ್ನು ನಡುವೆ ಏಕೆ ಬಿಡಬಾರದು ಎಂಬುದನ್ನು ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಮದಲೂರು, ಶಿರಾ, ಮಧುಗಿರಿಗಳನ್ನು ಒಳಗೊಂಡ ತುಮಕೂರು ಜಿಲ್ಲೆಗೆ ಕ್ಷಯದ ಇತಿಹಾಸದಲ್ಲಿ ಒಂದು ಸ್ಥಾನವಿದೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1960-61ರಲ್ಲಿ ಕ್ಷಯದ ಸಮೀಕ್ಷೆ ನಡೆಸಿದ್ದು ಇದೇ ಜಿಲ್ಲೆಯಲ್ಲಿ. ಆಗ ಪತ್ತೆಯಾದ ರೋಗಿಗಳನ್ನು ಮಾತನಾಡಿಸಿದಾಗ ತಿಳಿದುಬಂದ ಸಂಗತಿ ಗಮನಾರ್ಹವಾದುದು. ಅವರಲ್ಲಿ ಹೆಚ್ಚಿನವರಿಗೆ ತಮ್ಮ ಕೆಮ್ಮು, ಜ್ವರಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಸ್ಪತ್ರೆಯ ಬಾಗಿಲಿಗೂ ಹೋಗಿದ್ದರು. ಆದರೆ ಕಫ ಪರೀಕ್ಷೆಯಾಗದೆ, ಕೆಮ್ಮಿನ ಔಷಧಿಯನ್ನಷ್ಟೇ ಪಡೆದು ಹಿಂದಿರುಗಿದವರೇ ಬಹಳ. ಹಳ್ಳಿಗರು ಅಜ್ಞಾನದಿಂದ ರೋಗವನ್ನು ಕಡೆಗಣಿಸುತ್ತಾರೆಂಬ ಮಾತು ಪೂರ್ಣ ಸತ್ಯವಲ್ಲವೆಂದು ಅಂದೇ ಸಾಬೀತಾಯಿತು.

ಇನ್ನು ಔಷಧಿಯ ವಿಚಾರ. ಕ್ಷಯದ ಚಿಕಿತ್ಸೆಯಲ್ಲಿ ಪ್ರಧಾನವಾದುದು ಐಸೋನಿಯಾಜಿಡ್. ಇದರ ಅಣುವಿನ ನಡುವೆ ಒಂದು ಉಂಗುರವಿದೆ. ಐದು ಇಂಗಾಲದ ಪರಮಾಣುಗಳು ಮತ್ತು ಒಂದು ಸಾರಜನಕದ ಪರಮಾಣು ಕೈ ಕೈ ಹಿಡಿದು ವೃತ್ತಾಕಾರವಾಗಿ ನಿಂತಂತೆ ಇದರ ರಚನೆ. ಇಂಗಾಲದ ಜೊತೆಗೆ ಬೇರೊಂದು ಧಾತು ಸೇರಿ ಉಂಗುರವಾಗುವ ಇಂತಹ ವಸ್ತುಗಳನ್ನು ವಿಷಮಚಕ್ರೀಯ ಸಂಯುಕ್ತಗಳೆನ್ನುತ್ತಾರೆ. ಮೇಲೆ ಹೇಳಿದ ಉಂಗುರದ ಹೆಸರು ಪಿರಿಡೀನ್. ಇದು ಔಷಧಿಗೆ ಮಾತ್ರ ಸೀಮಿತವಲ್ಲ. ನಾವು ಉಣ್ಣುವ ಧಾನ್ಯ, ಕಾಳುಗಳಲ್ಲಿರುವ ನಯಾಸಿನ್ ಮತ್ತು ಬಿ6 ಜೀವಸತ್ವಗಳಲ್ಲಿಯೂ ಇದೇ ಉಂಗುರವಿದೆ.

ಪಿರಿಡೀನನ್ನು ಮೊದಲು ಕಂಡದ್ದು ಸ್ಕಾಟ್ಲೆಂಡಿನ ಥಾಮಸ್ ಆಂಡರ್ಸನ್. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಪ್ರಾಣಿಗಳ ಮೂಳೆಯನ್ನು ಕಾಯಿಸಿ ಪಡೆದ ಎಣ್ಣೆಯಿಂದ ಅವರು ಅದನ್ನು ಬೇರ್ಪಡಿಸಿದರು. 1876ರಲ್ಲಿ ವಿಲಿಯಂ ರಾಮ್ಸೆ ಎಂಬ ವಿಜ್ಞಾನಿಯು ಅಸಿಟಿಲೀನ್ ಮತ್ತು ಹೈಡ್ರೋಜನ್ ಸಯನೈಡ್ ಅನಿಲಗಳನ್ನು ಕೆಂಪಗೆ ಕಾದ ಕೊಳವೆಯ ಮೂಲಕ ಹಾಯಿಸಿ ಅದನ್ನು ಕೃತಕವಾಗಿ ತಯಾರಿಸಿದರು. ಜೆಮ್‌ಷೆಡ್‌ಜಿ ಟಾಟಾ ಅವರ ಕೋರಿಕೆಯಂತೆ ಭಾರತಕ್ಕೆ ಬಂದು, ವಿಜ್ಞಾನ ಸಂಸ್ಥೆಗೆ ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದವರೂ ಇವರೇ ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಸುಲಭವಾದ ಮಾರ್ಗವನ್ನು ತೋರಿದವರು ರಷ್ಯಾದ ಚಿಚಿಬಾಬಿನ್. ಅವರ ವಿಧಾನದಲ್ಲಿ ಆಲ್ಡಿಹೈಡ್ ಎಂಬ ವರ್ಗದ ವಸ್ತುಗಳನ್ನು ಅಮೋನಿಯಾದೊಡನೆ ಬೆರೆಸಿ ಕಾಯಿಸಲಾಗುತ್ತದೆ. ಕಬ್ಬಿನ ಕಾಕಂಬಿಯಿಂದ ಮದ್ಯಸಾರ, ಮದ್ಯಸಾರದಿಂದ ಅಸಿಟಾಲ್ಡಿಹೈಡ್ ದೊರೆಯುತ್ತದೆ. ಇನ್ನು ಅಮೋನಿಯಾವೆಂದರೆ ನಮ್ಮ ರೈತರು ಹೊಲಕ್ಕೆ ಹಾಕುವ ಯೂರಿಯಾ ಗೊಬ್ಬರದ ಮೂಲವಸ್ತು. ಇವೆರಡೂ ಬಿಸಿಯಾದ ವೇಗವರ್ಧಕದ ಮೇಲೆ ಹಾಯುವಾಗ, ಅಮೋನಿಯಾದ ಸಾರಜನಕವು ಇಂಗಾಲದ ಸರಪಳಿಯ ಎರಡು ತುದಿಗಳನ್ನು ಬೆಸೆದು ಉಂಗುರವಾಗಿಸುತ್ತದೆ, ನೀರು ಹೊರಬೀಳುತ್ತದೆ. ಹೀಗೆ ದೊರೆಯುವ ವಸ್ತುಗಳಲ್ಲಿ ಒಂದು ಪಿಕೋಲಿನ್. ಅದರ ಒಂದು ಬಗೆಯನ್ನು ಉತ್ಕರ್ಷಿಸಿದರೆ ಐಸೋನಿಕೋಟಿನಿಕ್ ಆಮ್ಲವಾಗುತ್ತದೆ. ಅದಕ್ಕೆ ಹೈಡ್ರಜೀನ್ ಎಂಬ ಸಾರಜನಕದ ವಸ್ತುವನ್ನು ಜೋಡಿಸಿದರೆ ಐಸೋನಿಯಾಜಿಡ್ ಸಿದ್ಧ.

ಇದನ್ನು ಮೊದಲು ತಯಾರಿಸಿದವರು ಪ್ರಾಗ್ ನಗರದ ಹ್ಯಾನ್ಸ್ ಮೇಯರ್ ಮತ್ತು ಜೋಸೆಫ್ ಮಾಲಿ; ಅದು 1912ನೆಯ ಇಸವಿ. ಇದು ಕ್ಷಯದ ಔಷಧಿಯಾಗಬಲ್ಲದೆಂದು ಆಗ ಯಾರೂ ಅರಿಯಲಿಲ್ಲ. 1952ರಲ್ಲಿ ಅದರ ಶಕ್ತಿಯು ಲೋಕಕ್ಕೆ ತಿಳಿಯುವವರೆಗೆ ನಲವತ್ತು ವರ್ಷಗಳ ಕಾಲ ಅದು ಬರಿಯ ಗ್ರಂಥದ ವಿಷಯವಾಗಿತ್ತು. ಆ ಅವಧಿಯಲ್ಲಿ ಎಷ್ಟು ಜೀವಗಳು ಸವೆದುಹೋದವೆಂದು ನೆನೆದರೆ ಮನಸ್ಸು ಭಾರವಾಗುತ್ತದೆ.

ಐಸೋನಿಯಾಜಿಡ್ ತಾನಾಗಿಯೇ ಕ್ರಿಮಿಯನ್ನು ಕೊಲ್ಲುವುದಿಲ್ಲ. ಕ್ಷಯದ ಕ್ರಿಮಿಯಲ್ಲಿರುವ ಒಂದು ಕಿಣ್ವವೇ ಅದನ್ನು ಚುರುಕುಗೊಳಿಸುತ್ತದೆ. ಆಗ ಕ್ರಿಮಿಯ ಮೇಣದಂತಹ ಹೊರಗೋಡೆಯ ನಿರ್ಮಾಣವು ನಿಂತು ಅದು ಸಾಯುತ್ತದೆ. ಆದರೆ ಕೆಲವು ಕ್ರಿಮಿಗಳಲ್ಲಿ ಈ ಕಿಣ್ವವು ಕೆಟ್ಟಿರುತ್ತದೆ. ಅಂತಹವುಗಳ ಮೇಲೆ ಈ ಔಷಧಿ ನಡೆಯದು. ಆದ್ದರಿಂದಲೇ ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬ್ಯುಟಾಲ್‌ಗಳನ್ನೂ ಜೊತೆಗೆ ಕೊಡುತ್ತಾರೆ. ಪೈರಜಿನಮೈಡ್ ಸಹ ಉಂಗುರವುಳ್ಳದ್ದೇ. ಅದರ ಉಂಗುರದಲ್ಲಿ ಸಾರಜನಕಗಳು ಎರಡು. ಸಾಮಾನ್ಯವಾಗಿ ಮೊದಲ ಎರಡು ತಿಂಗಳು ನಾಲ್ಕೂ ಔಷಧಿಗಳು, ಮುಂದಿನ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು.

ಅಪಾಯವಿರುವುದು ಇಲ್ಲಿಯೇ. ಕೆಲವು ವಾರಗಳಲ್ಲಿ ಕೆಮ್ಮು ತಗ್ಗಿ, ಹಸಿವು ಮರಳುತ್ತದೆ. ಗುಣವಾಯಿತೆಂದು ಮಾತ್ರೆ ಬಿಟ್ಟರೆ, ನಿಧಾನವಾಗಿ ಬೆಳೆಯುವ ಮೊಂಡು ಕ್ರಿಮಿಗಳು ಉಳಿದುಕೊಂಡು ಔಷಧಿಗೆ ಬಗ್ಗದ ರೋಗವಾಗಿ ಎದ್ದು ಬರಬಹುದು. ಅದನ್ನು ಗುಣಪಡಿಸುವುದು ಕಷ್ಟತರ.

ಐಸೋನಿಯಾಜಿಡ್ ದೇಹದ ಬಿ6 ಜೀವಸತ್ವವನ್ನು ಕುಗ್ಗಿಸುವುದರಿಂದ ಕೈಕಾಲು ಜೋಮು ಹಿಡಿಯಬಹುದು. ವೈದ್ಯರು ಅದಕ್ಕೆ ಬಿ6 ಮಾತ್ರೆ ನೀಡುತ್ತಾರೆ. ರಿಫಾಂಪಿಸಿನ್‌ನಿಂದ ಮೂತ್ರವು ಕೆಂಪಾದರೆ ಅಂಜಬೇಕಿಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮದ್ಯಪಾನವು ಈ ಅವಧಿಯಲ್ಲಿ ಯಕೃತ್ತಿಗೆ ವಿಷಪ್ರಾಯ.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವಿಕೆ, ಕಫದಲ್ಲಿ ರಕ್ತ: ಇವುಗಳಲ್ಲಿ ಯಾವುದಾದರೂ ಕಂಡರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಬೇಕು. ಕೆಮ್ಮಿನ ಔಷಧಿಯನ್ನಷ್ಟೇ ಕೊಟ್ಟರೆ, ಪರೀಕ್ಷೆಯನ್ನು ಕೇಳಿ ಪಡೆಯುವುದು ನಮ್ಮ ಹಕ್ಕು. ಪರೀಕ್ಷೆ, ಔಷಧಿಗಳೆರಡೂ ಅಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ ನೀಡುತ್ತಿದ್ದ 500 ರೂಪಾಯಿಯನ್ನು ಸರ್ಕಾರವು 2024ರ ನವೆಂಬರ್‌ನಿಂದ 1000ಕ್ಕೆ ಏರಿಸಿದೆ.

ನೆರೆಯವರೊಬ್ಬರು ಈ ಮಾತ್ರೆ ನುಂಗುತ್ತಿದ್ದಾರೆಂದು ತಿಳಿದಾಗ ಅವರಿಂದ ದೂರ ಸರಿಯುವುದು ಶರಣ ಸಂಸ್ಕಾರವಲ್ಲ. ಇಂದಿನ ಮಾತ್ರೆ ಆಯಿತೇ ಎಂದು ವಿಚಾರಿಸಿ, ಒಂದು ಹೊತ್ತಿನ ಒಳ್ಳೆಯ ಊಟವನ್ನು ಹಂಚಿಕೊಂಡು, ಆರು ತಿಂಗಳು ಅವರೊಡನೆ ನಿಲ್ಲುವುದೇ ನಾವು ಮಾಡಬಹುದಾದ ದಾಸೋಹ.