ಎಂಟನೆಯವನ ಕೈಯಲ್ಲಿ ಏನಿದೆ?

ಒಂದು ರೆಸ್ಟೋರೆಂಟ್. ಅದರಡಿಯಲ್ಲಿ ಒಂದು ನೆಲಮಾಳಿಗೆ. ಒಂದು ಕಾಲಕ್ಕೆ ಅಲ್ಲಿ ಬೌಲಿಂಗ್ ಆಡುತ್ತಿದ್ದರಂತೆ. ಈಗ ಅಲ್ಲಿ ಐನೂರು ಚಿಲ್ಲರೆ ಜನ ಕಾಲಿಡಲೂ ಜಾಗವಿಲ್ಲದಂತೆ ನಿಂತಿದ್ದಾರೆ. ಹೊರಗೆ ಡಿಸೆಂಬರ್ ಚಳಿ. ಒಳಗೆ ಬೆವರೋ ಬೆವರು!

ಊರು ಕೇಂಬ್ರಿಜ್. ಇಂಗ್ಲೆಂಡಿನದಲ್ಲ, ಅಮೆರಿಕದ್ದು. ಬಾಸ್ಟನ್‌ನಿಂದ ಹೊಳೆ ದಾಟಿದರೆ ಸಿಗುವ ಊರು. ಒಂದು ಕಡೆ ಹಾರ್ವರ್ಡ್, ಇನ್ನೊಂದು ಕಡೆ ಎಂಐಟಿ. ನಡುವೆ ಈ ನೆಲಮಾಳಿಗೆ! ಕ್ಲಬ್ಬಿನ ಹೆಸರು ಮಿಡ್ಲ್ ಈಸ್ಟ್. ವರ್ಷ 1997. ಬರಲಿರುವವರು ಮೈಟಿ ಮೈಟಿ ಬಾಸ್‌ಟೋನ್ಸ್ ಬ್ಯಾಂಡಿನವರು.

ಇಲ್ಲೇ ಮೊದಲ ಅಚ್ಚರಿ. ಅದೇ ವರ್ಷ ಇವರ ಹಾಡೊಂದು ಬಿಲ್‌ಬೋರ್ಡ್‌ನ ಮಾಡರ್ನ್ ರಾಕ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು. ಎಂಥ ದೊಡ್ಡ ಸಭಾಂಗಣ ಬೇಕೆಂದರೂ ಸಿಗುತ್ತಿತ್ತು. ಇವರು ಬಂದದ್ದೆಲ್ಲಿಗೆ? ತಮ್ಮೂರಿನ ಪಕ್ಕದ ಈ ನೆಲಮಾಳಿಗೆಗೆ! 1994ರಲ್ಲಿ ಶುರುವಾದ ವರ್ಷಾಂತ್ಯದ ಪರಿಪಾಠ ಅದು. ಒಂದು ರಾತ್ರಿಯದಲ್ಲ, ಸಾಲು ಸಾಲು ರಾತ್ರಿಗಳದು.

ವೇದಿಕೆಯ ಮೇಲೆ ಬೆಳಕು ಬಿತ್ತು. ಎಣಿಸಿ. ಹಾಡುವವನು ಒಬ್ಬ. ಗಿಟಾರ್. ಬಾಸ್. ಡ್ರಮ್ಸ್. ಸ್ಯಾಕ್ಸೋಫೋನ್ ಒಂದಲ್ಲ, ಎರಡು! ಟ್ರಾಂಬೋನ್. ಏಳಾಯಿತು.

ಆದರೆ ಅಲ್ಲಿರುವವರು ಎಂಟು ಜನ! ಎಂಟನೆಯವನು ಏನು ನುಡಿಸುತ್ತಾನೆ? ಊಹಿಸಿ. ಟ್ರಂಪೆಟ್? ಅಲ್ಲ. ಕೀಬೋರ್ಡ್? ಅದೂ ಅಲ್ಲ. ಉತ್ತರ ಈಗಲೇ ಕೊಡುವುದಿಲ್ಲ. ಯೋಚಿಸುತ್ತಿರಿ!

ಅಷ್ಟರಲ್ಲಿ ಒಂದು ಕೆಲಸ ಮಾಡಿ. ಕಾಲಿನಿಂದ ನೆಲ ತಟ್ಟುತ್ತ ಒಂದು, ಎರಡು, ಮೂರು, ನಾಲ್ಕು ಎಣಿಸಿ. ಈಗ ಚಪ್ಪಾಳೆ ಹಾಕಿ. ಎಣಿಕೆಯ ಮೇಲಲ್ಲ! ಒಂದಕ್ಕೂ ಎರಡಕ್ಕೂ ಸರಿಯಾಗಿ ನಡುವೆ. ಎರಡಕ್ಕೂ ಮೂರಕ್ಕೂ ನಡುವೆ. ಬಿಡದೆ ಹಾಕುತ್ತಿರಿ.

ತಡವರಿಸಿತೇ? ಕರ್ನಾಟಕ ಸಂಗೀತದ ಪಾಠಕ್ಕೆ ಹೋದವರಿಗೆ ಈ ಕಷ್ಟ ಗೊತ್ತು. ಅರ್ಧ ಎಣಿಕೆ ಬಿಟ್ಟು ಎಡುಪು (ಹಾಡಿನ ಆರಂಭ) ಬರುವ ಕೃತಿಗಳಲ್ಲಿ ಕೈ ಮೊದಲು ತೊಡೆಗೆ ಬೀಳುತ್ತದೆ, ಸಾಹಿತ್ಯ ಆಮೇಲೆ ಏಳುತ್ತದೆ. ಬಾಸ್‌ಟೋನ್ಸ್ ಸಂಗೀತದ ಬೇರು ಸ್ಕಾ. ಅದರಲ್ಲಿ ಗಿಟಾರ್ ಹಾಡಿನುದ್ದಕ್ಕೂ ಆ ಸಂದಿಯಲ್ಲೇ ಮಿಡಿಯುತ್ತದೆ. ಎಣಿಕೆ ಬೀಳುವ ಜಾಗವನ್ನು ಬೇಕೆಂದೇ ಬಿಟ್ಟುಕೊಡುತ್ತದೆ. ಯಾರಿಗೆ? ನಿಮ್ಮ ಕಾಲಿಗೆ! ಈ ಸಂಗೀತದ ಗುಟ್ಟೇ ಇದು. ಕೇಳಲು ಬಂದವರಿಗೂ ತಾಳದಲ್ಲಿ ಒಂದು ಪಾಲು ಇಟ್ಟಿರುತ್ತಾರೆ.

ಈ ತಾಳ ಹುಟ್ಟಿದ್ದು ಜಮೈಕಾದಲ್ಲಿ, 1950ರ ದಶಕದ ಕೊನೆಯಲ್ಲಿ. ರೆಗೆಗಿಂತಲೂ ಮೊದಲು! ಬಾಬ್ ಮಾರ್ಲಿ ಕೂಡ ಆರಂಭದಲ್ಲಿ ಹಾಡಿದ್ದು ಸ್ಕಾವನ್ನೇ.

ಸರಿ, ಕುಣಿತದ ಈ ಸಂಗೀತಕ್ಕೆ ತುತ್ತೂರಿ ಊದುವ ಹುಡುಗರು ಬಂದದ್ದು ಎಲ್ಲಿಂದ? ಹೋಟೆಲುಗಳಿಂದ? ನೈಟ್‌ಕ್ಲಬ್ಬುಗಳಿಂದ? ಅಲ್ಲವೇ ಅಲ್ಲ. ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಶಾಲೆಯಿಂದ!

ಕಿಂಗ್‌ಸ್ಟನ್ನಿನ ಆಲ್ಫಾ ಬಾಯ್ಸ್ ಸ್ಕೂಲ್. ದಿಕ್ಕಿಲ್ಲದ ಹುಡುಗರಿಗೆ ಅನ್ನ, ಅಕ್ಷರ, ಜೊತೆಗೊಂದು ಬ್ಯಾಂಡು. 1964ರಲ್ಲಿ ಹುಟ್ಟಿದ ಸ್ಕಟಲೈಟ್ಸ್ ತಂಡವನ್ನು ಕಟ್ಟಿದವರಲ್ಲಿ ನಾಲ್ವರು ಅಲ್ಲೇ ಊದಲು ಕಲಿತವರು. ಟಾಮಿ ಮಕುಕ್, ಡಾನ್ ಡ್ರಮಂಡ್, ಲೆಸ್ಟರ್ ಸ್ಟರ್ಲಿಂಗ್, ಜಾನಿ ಮೂರ್. ಅವರ ಬೆನ್ನಿಗೆ ನಿಂತವರು ಸಿಸ್ಟರ್ ಮೇರಿ ಇಗ್ನೇಷಿಯಸ್. ಅವರು ಈ ಶಾಲೆಗೆ ಬಂದದ್ದು 1939ರಲ್ಲಿ. ಅವರ ಬಳಿ ರೆಕಾರ್ಡುಗಳ ರಾಶಿಯೇ ಇತ್ತು. ಸ್ವಂತ ಸೌಂಡ್ ಸಿಸ್ಟಂ ಇತ್ತು. ಹುಡುಗರಿಗಾಗಿ ತಾವೇ ರೆಕಾರ್ಡು ತಿರುಗಿಸುತ್ತಿದ್ದರು. ಸನ್ಯಾಸಿನಿಯೇ ಡಿಜೆ!

ಆಮೇಲೆ ಈ ತಾಳ ಕಡಲು ದಾಟಿತು. 1979ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಟೂ ಟೋನ್ ಲೇಬಲ್ ಹುಟ್ಟಿತು. ಕರಿಯರೂ ಬಿಳಿಯರೂ ಒಂದೇ ಬ್ಯಾಂಡಿನಲ್ಲಿ! ಕಪ್ಪು-ಬಿಳುಪಿನ ಚೌಕುಳಿಯೇ ಬಾವುಟ! ಪಂಕ್ ರಾಕ್‌ನ ಸಿಟ್ಟಿಗೂ ಸ್ಕಾದ ಕುಣಿತಕ್ಕೂ ನಂಟು ಬೆಳೆದದ್ದು ಅಲ್ಲೇ.

ಆ ನಂಟಿಗೆ ಕಿಚ್ಚು ತುಂಬಿದವರು ಕ್ಯಾಲಿಫೋರ್ನಿಯಾದ ನಾಲ್ವರು ಹುಡುಗರು. ಬ್ಯಾಂಡಿನ ಹೆಸರು ಆಪರೇಷನ್ ಐವಿ. ಅದು ಯಾವುದರ ಹೆಸರು, ಗೊತ್ತೇ? 1952ರಲ್ಲಿ ಅಮೆರಿಕ ಪೆಸಿಫಿಕ್ ಸಾಗರದಲ್ಲಿ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯದು! ಬ್ಯಾಂಡ್ ಬದುಕಿದ್ದು ಎಷ್ಟು ಕಾಲ? ಎರಡೇ ವರ್ಷ. ಸ್ಟುಡಿಯೊ ಆಲ್ಬಂ ಎಷ್ಟು? ಒಂದೇ ಒಂದು!

ಅವರ ಮನೆಯಂಗಳ ಬರ್ಕ್ಲಿಯ 924 ಗಿಲ್ಮನ್ ಸ್ಟ್ರೀಟ್ ಎಂಬ ಕ್ಲಬ್. ಮಗ್ಗುಲಲ್ಲೇ ಕುರ್ಚಿಗೆ ಬೆತ್ತ ಹೆಣೆಯುವ ಅಂಗಡಿ. ಮದ್ಯ ಇಲ್ಲ. ಯಾವ ವಯಸ್ಸಿನವರಿಗೂ ಬಾಗಿಲು ಮುಚ್ಚಿಲ್ಲ. ಟಿಕೆಟ್ ಕೊಡುವವರು, ಬಾಗಿಲು ಕಾಯುವವರು ಎಲ್ಲ ಸ್ವಯಂಸೇವಕರು. ನೋಡಲು ಬಂದವರೇ ನಡೆಸುವ ಜಾಗ! 1989ರ ಮೇ 28ರಂದು ಆಪರೇಷನ್ ಐವಿ ಅಲ್ಲಿ ವಿದಾಯದ ಕಛೇರಿ ನೀಡಿತು. ಅದೇ ರಾತ್ರಿ, ಅದೇ ವೇದಿಕೆಯಲ್ಲಿ ಇನ್ನೊಂದು ಬ್ಯಾಂಡ್ ಹೊಸ ಹೆಸರಿಟ್ಟುಕೊಂಡು ಮೊದಲ ಬಾರಿ ನುಡಿಸಿತು. ಯಾವುದು? ಗ್ರೀನ್ ಡೇ!

ಈಗ ಮತ್ತೆ ಕೇಂಬ್ರಿಜ್‌ಗೆ ಬನ್ನಿ, ನೆಲಮಾಳಿಗೆಯಲ್ಲಿ ಹಾಡು ಶುರುವಾಗಿದೆ. ಚರಣದಲ್ಲಿ ಸ್ಕಾ. ಜನ ಸ್ಕ್ಯಾಂಕಿಂಗ್ ಮಾಡುತ್ತಿದ್ದಾರೆ. ನಿಂತಲ್ಲೇ ಓಟ! ಮೊಣಕಾಲು ಮೇಲೆ, ಮೊಣಕೈ ಮುಂದೆ, ಮುಖದಲ್ಲಿ ನಗು. ಇದ್ದಕ್ಕಿದ್ದಂತೆ ಗಿಟಾರ್ ಗುಡುಗುತ್ತದೆ. ಪಂಕ್! ನಡುವಿನ ಜಾಗ ಸುಳಿಯಾಗುತ್ತದೆ. ಎಲ್ಲರೂ ಗುದ್ದಾಡುತ್ತ ಸುತ್ತುತ್ತಾರೆ. ಯಾರೋ ಬಿದ್ದರು! ತುಳಿತವೇ? ಇಲ್ಲ. ಕಣ್ಣು ಮಿಟುಕಿಸುವುದರಲ್ಲಿ ಸುತ್ತಲಿನ ಕೈಗಳು ಎತ್ತಿ ನಿಲ್ಲಿಸಿಬಿಡುತ್ತವೆ. ಬಿದ್ದವರನ್ನು ಎತ್ತಬೇಕು. ಎಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ಮತ್ತೆ ಸ್ಯಾಕ್ಸೋಫೋನ್! ಮತ್ತೆ ಸ್ಕಾ!

ಹೂಂ, ಎಂಟನೆಯವನು. ಹೆಸರು ಬೆನ್ ಕಾರ್. ಅವನ ಕೈ ನೋಡಿ. ಖಾಲಿ!

ಅವನು ಕುಣಿಯುತ್ತಾನೆ. ಅಷ್ಟೇ! ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕುಣಿತವೇ ಅವನ ಕೆಲಸ. ಅತಿಥಿಯಲ್ಲ, ಬಾಡಿಗೆಯ ನರ್ತಕನಲ್ಲ. ಬ್ಯಾಂಡಿನ ಪೂರ್ಣಾವಧಿ ಸದಸ್ಯ! ಆಲ್ಬಂನಲ್ಲಿ ಉಳಿದವರ ಹೆಸರಿನ ಮುಂದೆ ಗಿಟಾರ್, ಡ್ರಮ್ಸ್ ಎಂದಿದ್ದರೆ ಇವನ ಮುಂದೆ ‘ಬಾಸ್‌ಟೋನ್’ ಎಂದಷ್ಟೇ ಇರುತ್ತದೆ.

ಇದು ಶುರುವಾದದ್ದು ಹೇಗೆಂದು ಕೇಳಿದರೆ ಒಂದು ಕಥೆ ಹೇಳುತ್ತಾರೆ. ಕ್ಲಬ್ಬಿನೊಳಗೆ ಬಿಡುವ ವಯಸ್ಸು ಅವನಿಗೆ ಆಗಿರಲಿಲ್ಲವಂತೆ. ‘ನಾನೂ ಬ್ಯಾಂಡಿನವನೇ’ ಎಂದು ಹೇಳಿ ನುಗ್ಗುತ್ತಿದ್ದನಂತೆ. ಒಮ್ಮೆ ಮಾಲೀಕನಿಗೆ ಅನುಮಾನ ಬಂತು. ಹಾಗಾದರೆ ವೇದಿಕೆ ಹತ್ತು ನೋಡೋಣ ಎಂದ. ಹತ್ತಿದ. ನುಡಿಸಲು ಬಾರದು. ಏನು ಮಾಡುವುದು? ಕುಣಿದ! 2022ರಲ್ಲಿ ಬ್ಯಾಂಡ್ ಮುಗಿಯುವವರೆಗೂ ಕುಣಿಯುತ್ತಲೇ ಇದ್ದ!

ಆದರೆ ಎಲ್ಲಕ್ಕಿಂತ ದೊಡ್ಡ ಸುದ್ದಿ ಉಳಿಸಿಕೊಂಡಿದ್ದೇನೆ. ಕೇಳುಗರ ಪಾಲಿನ ತಾಳಕ್ಕೆ ಎಷ್ಟು ಬಲವಿದೆ? ಅಳೆಯಬಹುದೇ?

1992ರ ಆಗಸ್ಟ್. ಲಂಡನ್ನಿನ ಫಿನ್ಸ್‌ಬರಿ ಪಾರ್ಕ್. ಟೂ ಟೋನ್ ಕಾಲದ ಮ್ಯಾಡ್‌ನೆಸ್ ತಂಡ ಮತ್ತೆ ಒಂದಾಗಿತ್ತು. ಎರಡು ದಿನದಲ್ಲಿ 75,000ಕ್ಕೂ ಹೆಚ್ಚು ಜನ! ಸಂಗೀತ ಶುರುವಾಯಿತು. ಹತ್ತಿರದ ಬಹುಮಹಡಿ ಕಟ್ಟಡಗಳು ಅಲುಗತೊಡಗಿದವು. ಭೂಕಂಪವೆಂದು ಹೆದರಿ ಜನ ಮನೆಬಿಟ್ಟು ಹೊರಬಂದರು! ಭೂವಿಜ್ಞಾನಿಗಳು ಪರಿಶೀಲಿಸಿದರು. ಭೂಕಂಪ ಎಲ್ಲಿತ್ತು? ಎಲ್ಲೂ ಇಲ್ಲ. ನೆಲ ನಡುಗಿಸಿದ್ದು ಕುಣಿತ!

ಗುಂಪು ಮನಬಂದಂತೆ ನೆಗೆದರೆ ಏನೂ ಆಗದು. ಒಬ್ಬರ ಹೆಜ್ಜೆ ಇನ್ನೊಬ್ಬರ ಹೆಜ್ಜೆಯನ್ನು ನುಂಗಿಬಿಡುತ್ತದೆ. ಆದರೆ ಎಲ್ಲರ ಪಾದ ಒಂದೇ ಕ್ಷಣಕ್ಕೆ ಬಿದ್ದರೆ ಪೆಟ್ಟಿಗೆ ಪೆಟ್ಟು ಕೂಡುತ್ತದೆ. ನೆಲದೊಳಗೆ ಅಲೆ ಏಳುತ್ತದೆ. ಕಟ್ಟಡ ತೂಗುವ ವೇಗಕ್ಕೂ ಕುಣಿತದ ವೇಗಕ್ಕೂ ತಾಳೆಯಾದರಂತೂ ಮುಗಿಯಿತು!

ಬಾಸ್‌ಟೋನ್ಸ್ ಅವರ ಆ ನೆಲಮಾಳಿಗೆಯ ರಾತ್ರಿಗಳ ಧ್ವನಿಮುದ್ರಣ 1998ರಲ್ಲಿ ‘ಲೈವ್ ಫ್ರಮ್ ದ ಮಿಡ್ಲ್ ಈಸ್ಟ್’ ಎಂದು ಹೊರಬಂದಿದೆ. ಹುಡುಕಿ, ಜೋರಾಗಿ ಹಾಕಿ. ಆದರೆ ನೀವು ಮಹಡಿಯ ಮನೆಯವರಾದರೆ, ಕೆಳಗಿನವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ!