ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಕೃತಕ ಬುದ್ಧಿಮತ್ತೆ ಎಂದೊಡನೆ ನಮ್ಮ ಕನ್ನಡ ಕೂಟಗಳಲ್ಲಿ ಮೊದಲು ಏಳುವ ಪ್ರಶ್ನೆ, "ನಮ್ಮ ಕೆಲಸಗಳ ಗತಿಯೇನು?" ಎಂಬುದು. ಅದು ಸಹಜವೇ. ಆದರೆ ಇದೇ ವಿದ್ಯೆಗಾಗಿ ದೇಶದೇಶಗಳ ನಡುವೆ ನಡೆದಿರುವ ಹಗ್ಗಜಗ್ಗಾಟ ನಮ್ಮ ಮಾತುಕತೆಗಳಲ್ಲಿ ಬರುವುದು ಅಪರೂಪ. ಅದರತ್ತ ತಮ್ಮ ಗಮನ ಸೆಳೆಯುವುದು ಈ ಪುಟ್ಟ ಲೇಖನದ ಉದ್ದೇಶ.

ಈ ವಿದ್ಯೆಯ ಜೀವ ಇರುವುದು ಚಿಪ್‌ಗಳಲ್ಲಿ. ಅತ್ಯಾಧುನಿಕ ಚಿಪ್‌ಗಳು ಬಹುಪಾಲು ತಯಾರಾಗುವುದು ಪುಟ್ಟ ತೈವಾನಿನಲ್ಲಿ. ಅವುಗಳ ಮೇಲೆ ಬೆಳಕಿನಿಂದ ಅತಿಸೂಕ್ಷ್ಮ ವಿನ್ಯಾಸ ಮೂಡಿಸುವ ಯಂತ್ರವನ್ನು ಮಾರುವುದು ನೆದರ್ಲೆಂಡ್ಸಿನ ಎ.ಎಸ್.ಎಂ.ಎಲ್. ಎಂಬ ಒಂದೇ ಸಂಸ್ಥೆ. ಹೀಗಾಗಿ ಬಾಗಿಲು ಮುಚ್ಚುವುದು ಸುಲಭ. 2022ರ ಅಕ್ಟೋಬರಿನಲ್ಲಿ ಅಮೆರಿಕ ಶಕ್ತಿಶಾಲಿ ಚಿಪ್‌ಗಳು ಚೀನಾಕ್ಕೆ ಹೋಗದಂತೆ ನಿರ್ಬಂಧ ಹಾಕಿತು. 2025ರ ಜನವರಿಯಲ್ಲಿ ಬೈಡನ್ ಸರ್ಕಾರ ಜಗತ್ತನ್ನೇ ಮೂರು ಪಂಕ್ತಿಗಳಲ್ಲಿ ಕೂರಿಸಿತು. ಬೇಕಾದಷ್ಟು ಬಡಿಸಿಕೊಳ್ಳಬಹುದಾದ ಮೊದಲ ಪಂಕ್ತಿಯಲ್ಲಿ 18 ಮಿತ್ರದೇಶಗಳಿಗೆ ಎಲೆ ಹಾಕಿದ್ದರು. ಭಾರತಕ್ಕೆ ಅಲ್ಲಿ ಜಾಗವಿರಲಿಲ್ಲ! ಟ್ರಂಪ್ ಸರ್ಕಾರ ಮೇ ತಿಂಗಳಲ್ಲಿ ಆ ನಿಯಮವನ್ನು ಕೈಬಿಟ್ಟಿತೆನ್ನಿ. ಆದರೂ ಯಾರಿಗೆ ಎಷ್ಟು ಎಂಬುದನ್ನು ಒಂದು ದೇಶ ಕೂತಲ್ಲೇ ಬರೆದಿಡಬಲ್ಲದು ಎಂಬುದಂತೂ ಸ್ಪಷ್ಟವಾಯಿತು.

ಹಾಗಾದರೆ ಎಲ್ಲರೂ ಕೂಡಿ ನಿಯಮ ಮಾಡಬಾರದೇ? ಪ್ರಯತ್ನಗಳು ನಡೆದಿವೆ. ನಾವಿರುವ ಇಂಗ್ಲೆಂಡಿನಲ್ಲಿಯೇ, ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನರ ಗುಪ್ತಸಂಕೇತಗಳನ್ನು ಭೇದಿಸಿದ ಬ್ಲೆಚ್ಲೀ ಪಾರ್ಕಿನಲ್ಲಿ, 2023ರ ನವೆಂಬರಿನಲ್ಲಿ ಅಮೆರಿಕ, ಚೀನಾ, ಭಾರತವೂ ಸೇರಿ 28 ದೇಶಗಳು ಮತ್ತು ಐರೋಪ್ಯ ಒಕ್ಕೂಟ ಒಂದು ಘೋಷಣೆಗೆ ಒಪ್ಪಿದವು. ಆದರೆ 2025ರ ಫೆಬ್ರವರಿಯಲ್ಲಿ ಮ್ಯಾಕ್ರಾನ್ ಮತ್ತು ಮೋದಿ ಜೊತೆಯಾಗಿ ಅಧ್ಯಕ್ಷತೆ ವಹಿಸಿದ ಪ್ಯಾರಿಸ್ ಸಭೆಯ ಹೇಳಿಕೆಗೆ ಅಮೆರಿಕ ಸಹಿ ಹಾಕಲಿಲ್ಲ. ಮೊದಲ ಸಭೆ ಕರೆದಿದ್ದ ಬ್ರಿಟನ್ನೂ ಹಾಕಲಿಲ್ಲ! ಅದೇ ಆಗಸ್ಟಿನಲ್ಲಿ ವಿಶ್ವಸಂಸ್ಥೆ 40 ತಜ್ಞರ ಸ್ವತಂತ್ರ ಸಮಿತಿಯೊಂದನ್ನು ರಚಿಸಲು ನಿರ್ಧರಿಸಿತು. ಅದು ವರದಿ ಕೊಡಬಹುದೇ ಹೊರತು ಯಾರನ್ನೂ ತಡೆಯಲಾರದು.

"ಅಣುಶಕ್ತಿಗೆ 1957ರಿಂದ ಅಂತಾರಾಷ್ಟ್ರೀಯ ಸಂಸ್ಥೆ ಇದೆಯಲ್ಲ, ಇದಕ್ಕೇಕಿಲ್ಲ?" ಎಂದು ನೀವು ಕೇಳಬಹುದು. ಯುರೇನಿಯಂ ಅನ್ನು ತೂಗಿ ಲೆಕ್ಕವಿಡಬಹುದು; ತಂತ್ರಾಂಶ ಕ್ಷಣದಲ್ಲಿ ನಕಲಾಗಿ ಗಡಿ ದಾಟುತ್ತದೆ. ಜೊತೆಗೆ, ತಾನು ನಿಂತರೆ ಎದುರಾಳಿ ಮುಂದೆ ಹೋದಾನು ಎಂಬ ಭಯ ಬೇರೆ. ಹುಟ್ಟಿದ ನಾಡಿನ ನಿಲುವನ್ನೂ ನಾವು ತಿಳಿದಿರಬೇಕು. ತಾವೇ ಗುರಿ ಆರಿಸಿ ಕೊಲ್ಲಬಲ್ಲ ಶಸ್ತ್ರಗಳ ಕುರಿತ ವಿಶ್ವಸಂಸ್ಥೆಯ ನಿರ್ಣಯಕ್ಕೆ 2023ರ ಡಿಸೆಂಬರಿನಲ್ಲಿ 152 ದೇಶಗಳು ಒಪ್ಪಿದಾಗ, ವಿರೋಧಿಸಿದ ನಾಲ್ಕರಲ್ಲಿ ಭಾರತವೂ ಒಂದು. ಆ ಚರ್ಚೆ ಜಿನೀವಾದ ಶಸ್ತ್ರಾಸ್ತ್ರ ಒಪ್ಪಂದದ ವೇದಿಕೆಯಲ್ಲೇ ನಡೆಯಲಿ ಎಂಬುದು ಭಾರತದ ವಾದ.

ಚಿಪ್ ಇದ್ದವರಷ್ಟೇ ಬರೆದ ನಿಯಮ ಚಿಪ್ ಇಲ್ಲದವರನ್ನು ಕಾಯಲಾರದು ಎಂಬುದು ನನ್ನ ಅನಿಸಿಕೆ. ನಾವು ಅನಿವಾಸಿಗಳು ಎರಡು ನಾಡುಗಳ ಋಣದಲ್ಲಿರುವವರು. ನಮ್ಮಲ್ಲಿ ಅನೇಕರ ಅನ್ನವೂ ಇದೇ ವಿದ್ಯೆಯಿಂದ. ಇಲ್ಲಿಯ ಜನಪ್ರತಿನಿಧಿಗಳು ಮತ ಕೇಳಲು ಬಂದಾಗ ತೆರಿಗೆ, ವೀಸಾಗಳ ಜೊತೆಗೆ ಈ ಗಂಟೆಯ ವಿಷಯವನ್ನೂ ಕೇಳೋಣ. ಏನಂತೀರಿ?